ಲೈನ್ ಕಟ್ ಮಾಡದೆ ವೈರಸ್ ನಿಲ್ಲಿಸಿದ್ದು

ರಬಕವಿ-ಬನಹಟ್ಟಿಯಲ್ಲಿ ನನ್ನದು ಸಣ್ಣ ಫೈಬರ್ ನೆಟ್‌ವರ್ಕ್. ಗಿರಾಕಿಗಳಲ್ಲಿ ಸೀರೆ ಅಂಗಡಿಯವರು, ಮಗ್ಗದ ಮಾಲೀಕರು, ಆನ್‌ಲೈನ್ ಅರ್ಜಿ ತುಂಬುವ ಸೆಂಟರ್‌ನವರು ಜಾಸ್ತಿ. ಯಾರದಾದರೂ ಮಷೀನಿಗೆ ವೈರಸ್ ಹತ್ತಿದರೆ ಅವರ ನೆಟ್ ನಿಲ್ಲಿಸಬೇಕಾ, ಬೇಡವಾ ಅಂತ ನಾನೇ ತೀರ್ಮಾನ ಮಾಡಬೇಕು.

ಸುಮ್ನೆ ಬಿಡೋಕಂತೂ ಆಗಲ್ಲ. ನಮ್ಮಂಥವರ ಹತ್ತಿರ ಪಬ್ಲಿಕ್ ಐಪಿ (ಹೊರಗಿನ ಇಂಟರ್ನೆಟ್ಟಿಗೆ ಕಾಣುವ ವಿಳಾಸ) ಕಡಿಮೆ, ಒಂದೊಂದರ ಹಿಂದೆ ಹತ್ತಾರು ಮನೆ. ಒಬ್ಬರ ಮಷೀನ್ ಸ್ಪ್ಯಾಮ್ ಕಳಿಸಿದರೆ ಆ ಐಪಿಯೇ ಬ್ಲಾಕ್‌ಲಿಸ್ಟಿಗೆ ಹೋಗುತ್ತದೆ. ಆಮೇಲೆ ಇಡೀ ಓಣಿಯವರಿಗೆ ‘ನಾನು ರೋಬೋಟ್ ಅಲ್ಲ’ ಅಂತ ಟಿಕ್ ಮಾಡೋದೇ ಕೆಲಸ.

ನಮಗೆ ಬ್ಯಾಂಡ್‌ವಿಡ್ತ್ ಕೊಡುವ ಕಂಪನಿಯಿಂದ ದೂರಿನ ಮೇಲ್ ಬರುತ್ತದೆ. ಅದರಲ್ಲಿರುವ ಸಮಯ, ಪೋರ್ಟ್ ನಂಬರ್ (ಕನೆಕ್ಷನ್ ಹೋಗಿಬರುವ ಬಾಗಿಲಿನ ನಂಬರ್ ಇದ್ದಂತೆ) ಹಿಡಿದು ಲಾಗ್‌ನಲ್ಲಿ ಹುಡುಕಿದರೆ ಯಾರ ಲೈನ್ ಅಂತ ಸಿಗುತ್ತದೆ. ಒಂದು ಸಲ ಹಾಗೆ ಸಿಕ್ಕಿದ್ದು ಸೀರೆ ಅಂಗಡಿ. ರೂಟರ್ ತೆರೆದು ನೋಡಿದರೆ ಆ ಒಂದು ಲೈನಿನಿಂದ ಪ್ರಪಂಚದ ಎಲ್ಲೆಲ್ಲಿಗೋ ಪೋರ್ಟ್ 23ಕ್ಕೆ, ಅಂದರೆ ದೂರದಿಂದ ಲಾಗಿನ್ ಆಗುವ ಹಳೆಯ ಬಾಗಿಲಿಗೆ, ಕನೆಕ್ಷನ್ ಹೊರಟಿದ್ದವು. ಫೋನ್ ಮಾಡಿದೆ. ಸಾಹುಕಾರರು, "ನಮ್ಮ ಕಂಪ್ಯೂಟರ್ ಛಲೋ ಐತಲ್ರೀ" ಅಂದರು.

ಅವರು ಹೇಳಿದ್ದೂ ನಿಜವೇ. ನನಗೆ ಲೈನ್ ಕಾಣುತ್ತದೆ, ಅದರ ಹಿಂದೆ ಯಾವ ಮಷೀನ್ ಅಂತ ಕಾಣಲ್ಲ. ನಮ್ಮ ಹುಡುಗನನ್ನು ಕಳಿಸಿ, ಫೋನ್ ಹಿಡಿದುಕೊಂಡೇ ಕೇಬಲ್‌ಗಳನ್ನು ಒಂದೊಂದಾಗಿ ಕೀಳಲು ಹೇಳಿದೆ. ನಾನು ಆಫೀಸಿನಲ್ಲಿ ಕನೆಕ್ಷನ್ ಪಟ್ಟಿ ನೋಡುತ್ತಾ ಕೂತೆ.

"ಅಣ್ಣಾ, ಬಿಲ್ಲಿಂಗ್ ಕಂಪ್ಯೂಟರ್ ತೆಗದೀನಿ. ಈಗ?"

"ಇನ್ನೂ ನಡದೈತಿ."

"ಕ್ಯಾಮೆರಾ ಡಬ್ಬಿ ತೆಗದೀನಿ."

"ಹಾಂ, ನಿಂತ್ತು ನೋಡು."

ಸಿಸಿಟಿವಿಯ ಡಿವಿಆರ್, ಅಂದರೆ ಕ್ಯಾಮೆರಾ ದೃಶ್ಯ ರೆಕಾರ್ಡ್ ಮಾಡುವ ಡಬ್ಬಿ! ಫ್ಯಾಕ್ಟರಿಯಿಂದ ಬಂದ ಪಾಸ್‌ವರ್ಡ್ ಹಾಗೇ ಇತ್ತು. 2016ರಲ್ಲಿ ಮಿರಾಯ್ ಅನ್ನುವ ವೈರಸ್ ಹರಡಿದ್ದೂ ಇಂಥ ಕ್ಯಾಮೆರಾ, ಡಿವಿಆರ್, ರೂಟರ್‌ಗಳಲ್ಲೇ. ಆ ಅಕ್ಟೋಬರ್‌ನಲ್ಲಿ ಅವು ಸೈಟುಗಳ ಹೆಸರು ಹಿಡಿದು ಅವುಗಳ ವಿಳಾಸ ಹುಡುಕಿಕೊಡುವ ಅಮೆರಿಕದ ಡೈನ್ ಕಂಪನಿಯ ಮೇಲೆ ಮುಗಿಬಿದ್ದಾಗ ಟ್ವಿಟರ್, ನೆಟ್‌ಫ್ಲಿಕ್ಸ್ ಕೂಡ ಎಷ್ಟೋ ಜನರಿಗೆ ತೆರೆಯಲಿಲ್ಲ. ಈ ಜಾತಿಯ ವೈರಸ್ ಮೆಮೊರಿಯಲ್ಲಷ್ಟೇ ಇರುತ್ತದೆ. ಪವರ್ ತೆಗೆದು ಹಾಕಿದರೆ ಹೋಗುತ್ತದೆ, ಪಾಸ್‌ವರ್ಡ್ ಬದಲಿಸದಿದ್ದರೆ ಸ್ವಲ್ಪ ಹೊತ್ತಲ್ಲೇ ಮತ್ತೆ ಹತ್ತುತ್ತದೆ. ಹಾಗಾಗಿ ನೆಟ್ ಕೇಬಲ್ ಹಾಕುವ ಮೊದಲೇ ಪಾಸ್‌ವರ್ಡ್ ಬದಲಿಸಿ, ರೂಟರಿನಲ್ಲಿ ಯುಪಿಎನ್‌ಪಿ (ಹೊರಗಿನವರಿಗೆ ಬಾಗಿಲನ್ನು ತಾನಾಗಿಯೇ ತೆರೆಯುವ ಸೌಲಭ್ಯ) ಆಫ್ ಮಾಡಿಸಿದೆ.

ಇಡೀ ಲೈನ್ ಕಟ್ ಮಾಡುವುದು ನನಗೆ ಸರಿ ಕಾಣಲ್ಲ. ಸೆಂಟರ್‌ನವರಿಗೆ ನೆಟ್ ಹೋದರೆ ಅವತ್ತಿನ ಗಳಿಕೆಯೇ ಹೋಯಿತು. ವೈರಸ್ ತೆಗೆಯುವ ಟೂಲ್ ಇಳಿಸಿಕೊಳ್ಳಲೂ ನೆಟ್ ಬೇಕಲ್ವಾ? ಸರ್ಕಾರದ ಸೈಬರ್ ಸ್ವಚ್ಛತಾ ಕೇಂದ್ರದ ವೆಬ್‌ಸೈಟಿನಲ್ಲಿ ಅದು ಪುಕ್ಕಟೆ ಸಿಗುತ್ತದೆ. ನಾನು ವೈರಸ್ ಹತ್ತಿದ ಲೈನಿಗೆ ಮಾತ್ರ, ಇಂಥ ವೈರಸ್ ಹರಡುವ 23, 2323 ಮತ್ತು ಸ್ಪ್ಯಾಮ್ ಮೇಲ್ ಹೊರಡುವ 25, ಈ ಮೂರು ಪೋರ್ಟ್ ಬಂದ್ ಮಾಡುತ್ತೇನೆ. ವಾಟ್ಸಾಪ್, ಬ್ಯಾಂಕು, ಸೇವಾ ಸಿಂಧು ಎಲ್ಲ ನಡೆಯುತ್ತವೆ. ಜಿಮೇಲ್‌ಗೂ ಪೋರ್ಟ್ 25 ಬೇಕಿಲ್ಲ.

ಹೊರದೇಶದಲ್ಲಿ ಕೆಲವರು ವೈರಸ್ ಹತ್ತಿದ ಲೈನನ್ನು ಬೇರೆ ಇಟ್ಟು, ಯಾವ ಸೈಟ್ ತೆರೆದರೂ ಎಚ್ಚರಿಕೆಯ ಪುಟವೇ ಬರುವಂತೆ ಮಾಡುತ್ತಾರೆ. ನೆದರ್ಲ್ಯಾಂಡ್ಸ್‌ನಲ್ಲಿ ನಡೆದು 2019ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ, ಹೀಗೆ ಮಾಡಿದಾಗ ಮಿರಾಯ್ ಹತ್ತಿದವರಲ್ಲಿ ಶೇ 92ರಷ್ಟು ಮಂದಿಯ ಮಷೀನ್ 14 ದಿನದೊಳಗೆ ಸರಿಯಾಗಿತ್ತು. ನಮ್ಮೂರಿನಲ್ಲಿ ಇದು ನಡೆಯೋದು ಕಷ್ಟ. ಎಚ್‌ಟಿಟಿಪಿಎಸ್ (ಸುರಕ್ಷಿತ ಕನೆಕ್ಷನ್‌ನ) ಸೈಟಿಗೆ ಹೋದವರಿಗೆ ನಮ್ಮ ಪುಟದ ಬದಲು ಬ್ರೌಸರಿನ ಕೆಂಪು ಎಚ್ಚರಿಕೆ ಕಾಣುತ್ತದೆ. ಅಲ್ಲದೆ ‘ನಿಮ್ಮ ಕನೆಕ್ಷನ್ ಬಂದ್ ಆಗುತ್ತೆ’ ಅಂತ ಹೆದರಿಸುವುದು ಸೈಬರ್ ವಂಚಕರ ಮಾಮೂಲಿ ಆಟ. ಅದಕ್ಕೇ ಬಿಲ್ ವಸೂಲಿಗೆ ಹೋಗುವ ಹುಡುಗನನ್ನೇ ಕಳಿಸುತ್ತೇನೆ. ಅವನ ಮುಖ ಎಲ್ಲರಿಗೂ ಗೊತ್ತು. "ಹಂಗಾದ್ರ ನಾವ್ ಏನ್ ನೋಡ್ತೀವಿ ನಿಮಗ ಗೊತ್ತಾಗ್ತದೇನು?" ಅಂತ ಅವನನ್ನು ಕೇಳುವವರೂ ಇದ್ದಾರೆ. ಎಲ್ಲಿಗೆ, ಯಾವ ಪೋರ್ಟಿಗೆ ಹೋಯಿತು ಅನ್ನುವುದಷ್ಟೇ ಕಾಣುತ್ತದೆ, ಒಳಗಿನ ಮಾತು ಕಾಣಲ್ಲ.

ಒಂದು ವಿಷಯದಲ್ಲಿ ಮಾತ್ರ ನಾನು ಗಟ್ಟಿ. ಅರ್ಜಿ ಸೆಂಟರಿನ ಕಂಪ್ಯೂಟರಿಗೆ ವೈರಸ್ ಹತ್ತಿದರೆ ಫಾರ್ಮ್ಯಾಟ್ ಆಗುವವರೆಗೆ ಅದರ ಕೇಬಲ್ ಹಾಕಬೇಡಿ ಅಂತ ಹೇಳಿಬಿಡುತ್ತೇನೆ. ಊರವರ ಆಧಾರ್, ಪಾಸ್‌ಬುಕ್ ಸ್ಕ್ಯಾನ್ ಎಲ್ಲ ಅದರಲ್ಲೇ ಇರುತ್ತವೆ. ಫಿಂಗರ್‌ಪ್ರಿಂಟ್ ಮಷೀನಿನ ಸೆಟ್ಟಿಂಗ್ ಹೋಗುತ್ತದೆ ಅಂತ ಗೊಣಗುತ್ತಾರೆ. ಗೊಣಗಲಿ.

ಏನು ಹೇಳಿದರೂ ಡಿವಿಆರ್ ಮುಟ್ಟಲು ಬಿಡದ ಗಿರಾಕಿಯೂ ಒಬ್ಬರಿದ್ದಾರೆ. ಅವರ ಲೈನಿನಲ್ಲಿ ಆ ಮೂರು ಪೋರ್ಟ್ ಇವತ್ತಿಗೂ ಬಂದ್. ನೆಟ್ ಸ್ಲೋ ಆಗಿದೆ ಅಂತ ಅವರು ಒಮ್ಮೆಯೂ ದೂರಿಲ್ಲ.