ಎಂಡ್ಯೂರೋ ಬೈಕಿನ ಏರ್ ಫಿಲ್ಟರ್ ಸರಿಯಾಗಿ ಕೂತಿದ್ದು ಹೀಗೆ

ಪಾಂಡವಪುರದ ಕಡೆ ನಾಲೆ ಏರಿ ಮೇಲೆ ಓಡಿಸಿದ ಎಂಡ್ಯೂರೋ, ಅಂದರೆ ಕಚ್ಚಾ ದಾರಿಯ ಬೈಕು. ಎಂಜಿನ್‌ಗೆ ಗಾಳಿ ಒಯ್ಯುವ ಇನ್‌ಟೇಕ್ ರಬ್ಬರ್ ಒಳಗೆ ನುಣ್ಣನೆ ಕೆಂಧೂಳು. ಫಿಲ್ಟರಿನ ಫೋಮ್ ಹರಿದಿರಲಿಲ್ಲ, ಅದನ್ನು ಹಿಡಿದಿಡುವ ಕೇಜಿನ ಪಿನ್ ತೂತಿಗೆ ಕೂರದೆ ಅಂಚು ಒಂದು ಕಡೆ ಎದ್ದಿತ್ತು.

ಫೋಮನ್ನು ಸೀಮೆಎಣ್ಣೆಯಲ್ಲಿ ಹಿಸುಕಿ, ಸೋಪುನೀರಲ್ಲಿ ತೊಳೆದು, ನೆರಳಲ್ಲಿ ಪೂರ್ತಿ ಒಣಗಿಸಿದೆ. ಪೆಟ್ರೋಲ್ ಬೇಡ, ಫೋಮಿನ ಜೋಡಣೆಯ ಅಂಟು ಬಿಡುತ್ತದೆ. ಬಟ್ಟೆ ಹಿಂಡಿದ ಹಾಗೆ ತಿರುಚಲೂಬಾರದು. ಫಿಲ್ಟರ್ ಆಯಿಲ್ ಎಲ್ಲ ಕಡೆ ಒಂದೇ ಸಮ ಹಿಡಿದು, ತೊಟ್ಟಿಕ್ಕದಂತಿರಬೇಕು. ಅಂಚಿಗೆ ತೆಳ್ಳಗೆ ಗ್ರೀಸ್.

ಕೂರಿಸುವುದೇ ತಕರಾರು. ಎಣ್ಣೆ ಹಚ್ಚಿದ ಫೋಮ್ ಏರ್‌ಬಾಕ್ಸ್ (ಫಿಲ್ಟರ್ ಕೂರುವ ಡಬ್ಬಿ) ಗೋಡೆಗೆ ಉಜ್ಜಿದರೆ ಅಲ್ಲಿನ ಮಣ್ಣನ್ನೆಲ್ಲ ಅಂಟಿಸಿಕೊಂಡೇ ಒಳಗೆ ಹೋಗುತ್ತದೆ. ಅದಕ್ಕೇ ಮೇಲೊಂದು ಪ್ಲಾಸ್ಟಿಕ್ ಕವರ್ ಹಾಕಿ, ಓರೆಯಾಗಿ ತೂರಿಸಿ, ಆಮೇಲೆ ಕವರ್ ಎಳೆದುಕೊಂಡೆ. ಕ್ಲಿಪ್ ಹಾಕುವ ಮೊದಲು ಕೇಜನ್ನು ಮೆಲ್ಲಗೆ ತಿರುಗಿಸಿ ನೋಡಿ. ತಿರುಗಿದರೆ ಪಿನ್ ಇನ್ನೂ ಕೂತಿಲ್ಲ ಅಂತಲೇ. ಮುಂದಿನ ಸಲ ಬಿಚ್ಚಿದಾಗ ರಬ್ಬರ್ ಒಳಗೆ ಬಿಳಿ ಬಟ್ಟೆ ಆಡಿಸಿದೆ, ಧೂಳು ಹತ್ತಲಿಲ್ಲ.