ಕ್ರೌಂಚಗಳ ಹಿಂಡಿನಲ್ಲಿ ಮರಿಯ ದನಿ

ಕ್ರೌಂಚಗಳನ್ನು, ಅಂದರೆ ಕ್ರೇನ್ ಹಕ್ಕಿಗಳನ್ನು, ನೋಡಲು ವಸಂತವೇ ತಕ್ಕ ಕಾಲವೆಂದು ಪಕ್ಷಿವೀಕ್ಷಕರಲ್ಲಿ ಹಲವರು ಹೇಳುತ್ತಾರೆ. ಅವುಗಳ ಕುಣಿತವೂ ಗಂಡುಹೆಣ್ಣು ಸೇರಿ ಕೂಗುವ ಜೋಡಿಗೂಗೂ ಆಗ ಹೆಚ್ಚೆಂಬುದು ನಿಜ. ಆದರೂ ನಾನು ಶರತ್ಕಾಲದ ಮೊದಲ ವಾರಗಳನ್ನೇ ಇದಕ್ಕಾಗಿ ಮೀಸಲಿಡುತ್ತೇನೆ. ಆ ವರ್ಷ ಹುಟ್ಟಿದ ಮರಿಗಳು ಅಷ್ಟು ಹೊತ್ತಿಗೆ ಹೆತ್ತವರಷ್ಟೇ ಎತ್ತರಕ್ಕೆ ಬೆಳೆದು ಅವರ ಜೊತೆಯಲ್ಲೇ ಹಾರುತ್ತಿರುತ್ತವೆ. ದನಿ ಮಾತ್ರ ಇನ್ನೂ ಮರಿಯದ್ದೇ ಆಗಿರುತ್ತದೆ. ಸಾವಿರಾರು ಹಕ್ಕಿಗಳು ಒಂದೆಡೆ ಸೇರಿದಾಗ ಯಾವುದು ಕುಟುಂಬ, ಯಾವುದು ಒಂಟಿ ಎಂಬುದನ್ನು ಕಣ್ಣಿಗಿಂತ ಮೊದಲು ಕಿವಿಯಿಂದಲೇ ತಿಳಿಯಬಹುದಾದ ಕಾಲ ಇದು.

ನಾನು ಹೆಚ್ಚಾಗಿ ಗಮನಿಸಿರುವುದು ಯುರೇಷ್ಯದ ಸಾಮಾನ್ಯ ಕ್ರೌಂಚವನ್ನು. ಜಗತ್ತಿನಲ್ಲಿರುವ 15 ಕ್ರೌಂಚ ಪ್ರಭೇದಗಳಲ್ಲಿ ಇದೂ ಒಂದು. ಉತ್ತರದ ಜೌಗುಗಳಲ್ಲಿ ಮರಿಮಾಡಿದ ಇವು ದಕ್ಷಿಣಕ್ಕೆ ಹೊರಡುವ ಮುನ್ನ ಕೆಲವು ವಾರ ತಂಗುದಾಣಗಳಲ್ಲಿ ನಿಂತು ಮೈ ತುಂಬಿಸಿಕೊಳ್ಳುತ್ತವೆ. ಜರ್ಮನಿಯ ಬಾಲ್ಟಿಕ್ ಕರಾವಳಿಯಂಥ ಕಡೆ ಹೀಗೆ ಸೇರುವ ಹಕ್ಕಿಗಳ ಸಂಖ್ಯೆ ಹತ್ತಾರು ಸಾವಿರ ಮುಟ್ಟುತ್ತದೆ. ಹಗಲಿನಲ್ಲಿ ಕೊಯಿಲಾದ ಹೊಲಗಳಲ್ಲಿ ಉದುರಿದ ಕಾಳನ್ನು ಆಯ್ದು, ಸಂಜೆ ಆಳವಿಲ್ಲದ ನೀರಿಗೆ ಮರಳಿ, ರಾತ್ರಿಯಿಡೀ ಅಲ್ಲೇ ನಿಂತು ನಿದ್ರಿಸುವುದು ಅವುಗಳ ದಿನಚರಿ. ನರಿಯಂಥ ಪ್ರಾಣಿ ಹತ್ತಿರ ಬಂದರೆ ನೀರಿನ ಸದ್ದೇ ಎಚ್ಚರಿಕೆಯಾಗುತ್ತದೆ.

ಸೂರ್ಯಾಸ್ತಕ್ಕೆ ಒಂದೂವರೆ ಗಂಟೆ ಮೊದಲೇ ನಾನು ನನ್ನ ಜಾಗದಲ್ಲಿ ಕುಳಿತಿರುತ್ತೇನೆ. ಹಕ್ಕಿಗಳಿಂದ ಕನಿಷ್ಠ 300 ಮೀಟರ್ ದೂರವಿರಬೇಕೆಂಬುದು ನಾನು ಮೀರದ ನಿಯಮ. ಸಾಧ್ಯವಾದಲ್ಲೆಲ್ಲ ಕಾರಿನಿಂದ ಇಳಿಯುವುದಿಲ್ಲ, ಏಕೆಂದರೆ ನಿಂತ ವಾಹನವನ್ನು ಸಹಿಸಿಕೊಳ್ಳುವ ಹಕ್ಕಿಗಳು ನಡೆದು ಬರುವ ಮನುಷ್ಯನನ್ನು ಸಹಿಸುವುದಿಲ್ಲ. ವಲಸೆಯ ಮುನ್ನ ಕೂಡಿಟ್ಟುಕೊಳ್ಳಬೇಕಾದ ಕೊಬ್ಬನ್ನು ನಮ್ಮಿಂದಾಗಿ ಹಾರಾಡಿ ಕಳೆದುಕೊಳ್ಳುವಂತೆ ಮಾಡುವುದು ಅವಕ್ಕೆ ಬಗೆಯುವ ನೇರ ಅನ್ಯಾಯವೆಂದೇ ನನ್ನ ಭಾವನೆ. 10x42 ಬೈನಾಕ್ಯುಲರ್, ಮುಕ್ಕಾಲಿಯ ಮೇಲೊಂದು ಸ್ಪಾಟಿಂಗ್ ಸ್ಕೋಪ್ (ಪಕ್ಷಿವೀಕ್ಷಣೆಯ ಪುಟ್ಟ ದೂರದರ್ಶಕ), ಗಾಳಿತಡೆ ತೊಡಿಸಿದ ಮೈಕ್ ಇರುವ ರೆಕಾರ್ಡರ್, ಇಷ್ಟೇ ನನ್ನ ಸಲಕರಣೆ.

ಕುಳಿತ ಮೊದಲ ಅರ್ಧ ಗಂಟೆ ಬೈನಾಕ್ಯುಲರನ್ನು ಕಣ್ಣಿಗೆ ಏರಿಸುವುದೇ ಇಲ್ಲ. ದೊಡ್ಡ ಹಕ್ಕಿಯ ಕಹಳೆಯಂಥ ಕೂಗು ಮೊದಲು ಕಿವಿಗೆ ಬೀಳುತ್ತದೆ. ಕ್ರೌಂಚದ ಶ್ವಾಸನಾಳ ಒಂದು ಮೀಟರಿಗೂ ಹೆಚ್ಚು ಉದ್ದವಿದ್ದು, ಅದರ ಒಂದು ಭಾಗ ಎದೆಮೂಳೆಯ ಏಣಿನೊಳಗೆ ಸುತ್ತಿಕೊಂಡಿರುತ್ತದೆ; ಆ ದನಿಗೆ ಗಾತ್ರವೂ ಕಂಪನವೂ ಬರುವುದು ಅಲ್ಲಿಂದಲೇ. ಅದು ಹಲವು ಕಿಲೋಮೀಟರ್ ದೂರಕ್ಕೆ ಕೇಳುತ್ತದೆ. ಸಂಜೆ ಗಾಳಿ ತಗ್ಗಿ, ನೆಲಕ್ಕೆ ಹೊಂದಿದ ಗಾಳಿಯು ಮೇಲಿನದಕ್ಕಿಂತ ತಣ್ಣಗಾದಾಗ ಶಬ್ದ ಮೇಲೆ ಚದುರದೆ ನೆಲದತ್ತ ಬಾಗುವುದರಿಂದ ಇನ್ನೂ ದೂರದಿಂದ ಕೇಳಿಬರುತ್ತದೆ. ಈ ಗದ್ದಲದ ನಡುವೆ ತೆಳ್ಳಗೆ, ಸಿಳ್ಳೆಯ ಹಾಗೆ, ತುಸು ನಡುಗುವ 'ಪೀರ್‌ರ್' ಎಂಬ ದನಿಯನ್ನು ನಾನು ಕಾಯುತ್ತೇನೆ. ಅದೇ ಮರಿ. ಆ ದನಿ ಒಡೆದು ಕಹಳೆಯಾಗುವುದು ಅದಕ್ಕೆ ಒಂದು ವರ್ಷ ತುಂಬುವ ಸುಮಾರಿಗೆ.

ಸಿಳ್ಳೆ ಬಂದ ದಿಕ್ಕು ಗೊತ್ತಾದ ಮೇಲೆಯೇ ಸ್ಕೋಪ್ ತಿರುಗಿಸುತ್ತೇನೆ. ಮರಿಯ ತಲೆ ದಾಲ್ಚಿನ್ನಿಯ ಕಂದು ಬಣ್ಣದ್ದು; ವಯಸ್ಕ ಹಕ್ಕಿಯ ನೆತ್ತಿಯ ಕೆಂಪಾಗಲಿ, ಕಪ್ಪು ಕತ್ತಿನ ಪಕ್ಕ ಇಳಿಯುವ ಬಿಳಿ ಪಟ್ಟೆಯಾಗಲಿ ಅದಕ್ಕೆ ಇನ್ನೂ ಬಂದಿರುವುದಿಲ್ಲ. ಅದರ ಆಚೀಚೆ ಕೆಲವು ಹೆಜ್ಜೆಗಳ ಅಂತರದಲ್ಲಿ ಹೆತ್ತವರಿಬ್ಬರೂ ಇದ್ದೇ ಇರುತ್ತಾರೆ, ಮತ್ತು ಅವರಲ್ಲಿ ಒಂದು ಹಕ್ಕಿ ತಲೆ ಬಗ್ಗಿಸಿ ಮೇಯುತ್ತಿದ್ದರೆ ಇನ್ನೊಂದು ಕತ್ತೆತ್ತಿ ನಿಂತಿರುವುದನ್ನು ಮೇಲಿಂದ ಮೇಲೆ ಕಾಣಬಹುದು. ಕ್ರೌಂಚಗಳು ಸಾಮಾನ್ಯವಾಗಿ ಎರಡು ಮೊಟ್ಟೆ ಇಡುತ್ತವೆಯಾದರೂ ಎರಡು ಮರಿಗಳೂ ಶರತ್ಕಾಲದವರೆಗೆ ಉಳಿಯುವುದು ಕಡಿಮೆ. ಆದ್ದರಿಂದ ಮೂರು ಹಕ್ಕಿಗಳ ಕುಟುಂಬವೇ ಹೆಚ್ಚು ಸಿಗುತ್ತದೆ. ನಾಲ್ಕರದು ಕಂಡ ದಿನ ನನಗಾಗುವ ಸಂತೋಷ ದೊಡ್ಡದು. ನಾನು ಕಂಡಂತೆ, ಕುಟುಂಬಗಳು ಹಿಂಡಿನ ಅಂಚಿನಲ್ಲಿಯೋ ಅದರಿಂದ ತುಸು ಬೇರೆಯಾಗಿಯೋ ಮೇಯುತ್ತವೆ. ಒತ್ತಾಗಿ ನಿಂತ ನಡುಭಾಗದಲ್ಲಿ ಇನ್ನೂ ಜೋಡಿಗೂಡದ ಎಳೆಯ ಹಕ್ಕಿಗಳು ಜಾಸ್ತಿ.

ಉಳಿದ ಕೂಗುಗಳನ್ನು ನಾನು ಕಲಿತದ್ದು ಅವುಗಳ ಜೊತೆಗಿನ ಭಂಗಿಯನ್ನು ನೋಡಿ. ಒಂದೇ ಒಂದು ಗಡುಸಾದ, ಚುಟುಕಾದ ಕೂಗು ಬಂದೊಡನೆ ಸುತ್ತಲಿನ ಕತ್ತುಗಳೆಲ್ಲ ನೆಟ್ಟಗಾದರೆ ಅದು ಅಪಾಯದ ಎಚ್ಚರಿಕೆ, ಮತ್ತು ಆ ಅಪಾಯ ನಾನೇ ಆಗಿರಬಹುದಾದ್ದರಿಂದ ಆಗ ನಾನು ಅಲುಗಾಡುವುದನ್ನೇ ನಿಲ್ಲಿಸುತ್ತೇನೆ. ಗಂಟಲಲ್ಲೇ ಗುರುಗುಟ್ಟುವಂಥ ಮೆಲುದನಿ ಕುಟುಂಬದೊಳಗಿನ ಮಾತು; ಅದು ಹತ್ತಿರದಿಂದಲ್ಲದೆ ಕೇಳಿಸದು. ಕತ್ತನ್ನು ಮುಂದಕ್ಕೆ ಚಾಚಿ, ಮೈಯನ್ನು ಗಾಳಿಗೆ ಎದುರಾಗಿ ಬಾಗಿಸಿ ಹಲವು ಹಕ್ಕಿಗಳು ಒಟ್ಟಿಗೆ ನಿಂತರೆ ಅವು ಇನ್ನೇನು ಹಾರಲಿವೆ. ಜೋಡಿಗೂಗು ಶರತ್ಕಾಲದಲ್ಲೂ ಆಗಾಗ ಕೇಳುತ್ತದೆ, ವಿಶೇಷವಾಗಿ ಒಂದು ಕುಟುಂಬದ ಬಳಿ ಇನ್ನೊಂದು ಇಳಿದಾಗ. ಗಂಡಿನ ಒಂದು ನೀಳ ಕೂಗಿಗೆ ಹೆಣ್ಣು ಎರಡು ಚುಟುಕು ಕೂಗುಗಳನ್ನು ಹೆಣೆಯುವುದು ಹಲವು ಪ್ರಭೇದಗಳಲ್ಲಿ ಕಾಣುವ ಕ್ರಮ. ಹೊರನೋಟಕ್ಕೆ ಒಂದೇ ರೀತಿ ಇರುವ ಗಂಡುಹೆಣ್ಣುಗಳನ್ನು ದೂರದಿಂದ ಬೇರ್ಪಡಿಸಲು ನನಗೆ ಇದಕ್ಕಿಂತ ನೆಚ್ಚಿಕೆಯ ದಾರಿ ಸಿಕ್ಕಿಲ್ಲ.

ಹಕ್ಕಿಗಳು ನೀರಿಗಿಳಿಯುವ ಮೊದಲು ಹತ್ತಿರದ ಬಯಲಿನಲ್ಲಿ ಸೇರುತ್ತವೆ. ಧ್ವನಿಮುದ್ರಣಕ್ಕೆ ಅದೇ ಒಳ್ಳೆಯ ಸಮಯ, ಏಕೆಂದರೆ ಆಗ ತಂಡಗಳು ಒಂದಾದ ಮೇಲೊಂದರಂತೆ ಬರುತ್ತವೆ ಮತ್ತು ಪ್ರತಿಯೊಂದರೊಳಗಿನ ಸಿಳ್ಳೆಯನ್ನೂ ಬಿಡಿಯಾಗಿ ಹಿಡಿಯಬಹುದು. ನೀರಿಗಿಳಿದ ಮೇಲೆ ಎಲ್ಲ ದನಿಗಳೂ ಒಂದರಲ್ಲೊಂದು ಕಲಸಿಹೋಗುತ್ತವೆ. ಮನೆಗೆ ಬಂದು, ದನಿಯ ಸ್ಥಾಯಿ ಹೆಚ್ಚಿದಷ್ಟೂ ಗೆರೆಯನ್ನು ಮೇಲೆ ತೋರಿಸುವ ಧ್ವನಿಚಿತ್ರವಾದ ಸ್ಪೆಕ್ಟ್ರೋಗ್ರಾಂ ತೆರೆದರೆ ವಯಸ್ಕರ ಕೂಗು ಒಂದರ ಮೇಲೊಂದು ಪೇರಿಸಿದ ಹಲವು ಗೆರೆಗಳಾಗಿಯೂ, ಮರಿಯದು ಅವುಗಳ ಬುಡದ ಗೆರೆಗಿಂತ ಸಾಕಷ್ಟು ಮೇಲೆ ತೆಳುವಾಗಿಯೂ ಕಾಣುತ್ತದೆ. ತಂಡ ಬಂದ ಸಮಯ, ದಿಕ್ಕು, ಗಾಳಿ, ಹಕ್ಕಿಗಳ ಸಂಖ್ಯೆ, ಕೇಳಿದ ಮರಿಗಳು, ಕಂಡ ಮರಿಗಳು ಎಂದು ನನ್ನ ಟಿಪ್ಪಣಿ ಪುಸ್ತಕದಲ್ಲಿ ಅಂಕಣಗಳಿವೆ. ಕೇಳಿದ್ದನ್ನೂ ಕಂಡದ್ದನ್ನೂ ಬೇರೆ ಬೇರೆ ಬರೆಯುವುದು ಮುಖ್ಯ: ಬೆಳಕು ಕುಂದಿದಂತೆ ಎರಡನೆಯದು ಇಳಿಯುತ್ತದೆ, ಮೊದಲನೆಯದು ಇಳಿಯುವುದಿಲ್ಲ, ಹಾಗಾಗಿ ತಡವಾಗಿ ಬಂದ ತಂಡಗಳ ಲೆಕ್ಕಕ್ಕೆ ನಾನು ಕಿವಿಯ ಅಂಕಣವನ್ನೇ ಆಧರಿಸುತ್ತೇನೆ.