ತೊರಕೆ ಮೇಲೆ ಕಾಲಿಟ್ಟ ಬೆಳಗ್ಗೆ

ಹಸಿ ಗೋಣಿಚೀಲದ ಮೇಲೆ ಕಾಲಿಟ್ಟ ಹಾಗಾಯಿತು. ಆ ಗೋಣಿಚೀಲ ಪಾದದಡಿಯಲ್ಲೇ ಮಿಸುಕಿತು. ಏನು ಎಂದು ಬಗ್ಗಿ ನೋಡುವಷ್ಟರಲ್ಲಿ ಬಲಗಾಲಿನ ಗಂಟಿನ ಹತ್ತಿರ ಯಾರೋ ಚೂರಿ ಹಾಕಿ ಹಿಂದಕ್ಕೆ ಎಳೆದ ಹಾಗೆ ಉರಿ. ಕಲಕಿದ ನೀರಿನಲ್ಲಿ ಅಗಲವಾದ ಕಂದು ನೆರಳೊಂದು ಜಾರಿ ಹೋಯಿತು. ಹೆಗಲ ಮೇಲಿದ್ದ ಬೀಸು ಬಲೆ ನೀರಿಗೆ ಬಿತ್ತು.

ನನ್ನ ಊರು ಸಾಗರ. ಹೆಸರಿಗೆ ಮಾತ್ರ ಸಾಗರ, ಅಲ್ಲಿ ಕಡಲಿಲ್ಲ. ಮೇಷ್ಟ್ರ ಕೆಲಸ ಸಿಕ್ಕಿ ಕುಂದಾಪುರಕ್ಕೆ ಬಂದ ಮೇಲೆ ಬೀಸು ಬಲೆಯ ಹುಚ್ಚು ಹಿಡಿಯಿತು. ಐದು ಹೊಳೆ ಸೇರಿ ಕಡಲಿಗೆ ಬೀಳುವ ಅಳಿವೆ ಅದು. ಇಳಿತದ ಹೊತ್ತಿಗೆ ಮೊಣಕಾಲುದ್ದ ನೀರು, ಕೆಳಗೆ ಮರಳು ಮತ್ತು ಕೆಸರು. ಬಲೆ ಬೀಸಲು ಕಲಿಸಿದ್ದು ನೆರೆಮನೆಯ ಅಣ್ಣಯ್ಯ. ಅರವತ್ತು ದಾಟಿದವರು, ಮಾತು ಕಮ್ಮಿ. ಮೊದಲ ದಿನವೇ ಹೇಳಿದ್ದರು: "ಮಾಷ್ಟ್ರೇ, ಕಾಲ್ ಎತ್ತೂಕಾಗ, ಎಳ್ಕಂಡೇ ಹೋಯ್ಕ್." ಯಾಕೆ ಎಂದು ಕೇಳಿದ್ದಕ್ಕೆ, "ತೊರಕೆಗೆ ಕಣ್ಣ್ ಮೇಲಿತ್ತ್. ನಮ್ಮ್ ಕಾಲಿಗ್ ಕಣ್ಣಿಲ್ಲೆ" ಅಂದಿದ್ದರು. ತೊರಕೆ ಅಂದರೆ ಸ್ಟಿಂಗ್‌ರೇ, ಬಾಲದಲ್ಲಿ ವಿಷದ ಮುಳ್ಳಿರುವ ಚಪ್ಪಟೆ ಮೀನು. ಒಂದು ವಾರ ಕಾಲೆಳೆದುಕೊಂಡು ನಡೆದೆ. ಆಮೇಲೆ ಮರೆತೆ. ಹಿಂಡು ಕಂಡಾಗ ಓಡಿದರೆ ಮೀನು ಜಾಸ್ತಿ ಸಿಗುತ್ತದೆ ಎಂಬ ನನ್ನದೇ ಲೆಕ್ಕ ಬೇರೆ.

ದಡಕ್ಕೆ ಬರುವಷ್ಟರಲ್ಲಿ ರಕ್ತ ಸುರಿಯುತ್ತಿತ್ತು. ಗಾಯ ಒಂದೂವರೆ ಇಂಚೂ ಇರಲಿಲ್ಲ. ನೋವು ಮಾತ್ರ ಗಾಯಕ್ಕೆ ತಕ್ಕದ್ದಲ್ಲ. ಮೊದಲು ಮೀನಖಂಡ, ಆಮೇಲೆ ತೊಡೆ, ಆಮೇಲೆ ಸೊಂಟದ ತನಕ ಏರುತ್ತಾ ಹೋಯಿತು. ಬೆವರು, ವಾಕರಿಕೆ. ಸುತ್ತ ಸೇರಿದವರಲ್ಲಿ ಒಬ್ಬರು ಸುಣ್ಣ ಹಚ್ಚಿ ಅಂದರು, ಇನ್ನೊಬ್ಬರು ಸೀಮೆಎಣ್ಣೆ ಅಂದರು. ಒಬ್ಬ ಹುಡುಗ ಬೈರಾಸಿನಿಂದ ಮೊಣಕಾಲಿನ ಕೆಳಗೆ ಬಿಗಿಯಾಗಿ ಕಟ್ಟಲು ಶುರು ಮಾಡಿದ. ಅಣ್ಣಯ್ಯ ಬಂದು ಅದನ್ನು ಬಿಚ್ಚಿದರು. ಗಾಯ ತೊಳೆದು, ಬಟ್ಟೆ ಒತ್ತಿ ಹಿಡಿದು, ಸೀದಾ ಅವರ ಮನೆಯ ಬಚ್ಚಲಿಗೆ ಎತ್ತಿಕೊಂಡು ಹೋದರು.

ಹಂಡೆಯಲ್ಲಿ ಸ್ನಾನದ ನೀರು ಕಾದಿತ್ತು. ಬಕೆಟಿಗೆ ಹೊಯ್ದು, ಒಂದಿಷ್ಟು ತಣ್ಣೀರು ಬೆರೆಸಿ, "ಒಳ್ಳೇ ಕಾಲ್ ಮೊದ್ಲ್ ಹಾಕಿ ಕಾಣಿ" ಅಂದರು. ಆ ಹೊತ್ತಿಗೆ ನನಗೆ ಸಿಟ್ಟೇ ಬಂತು. ನೋಯುತ್ತಿರುವುದು ಒಂದು ಕಾಲು, ನೀರಿಗೆ ಹಾಕುವುದು ಇನ್ನೊಂದೇ? ಕಾರಣ ಆಮೇಲೆ ಹೊಳೆಯಿತು. ಉರಿಯುತ್ತಿರುವ ಕಾಲಿಗೆ ಬಿಸಿಯ ಅಂದಾಜು ಸಿಗುವುದಿಲ್ಲ. ಕುದಿಯುವ ನೀರಿಗಿಟ್ಟರೂ ತಿಳಿಯದೆ ಚರ್ಮ ಬೆಂದುಹೋಗಬಹುದು. ಸರಿಯಿರುವ ಕಾಲು ತಡೆದುಕೊಳ್ಳುವಷ್ಟೇ ಬಿಸಿ ಇರಬೇಕು, ಸುಮಾರು 45 ಡಿಗ್ರಿ ಒಳಗೆ. ಇಪ್ಪತ್ತು ನಿಮಿಷಕ್ಕೆ ನೋವು ಅರ್ಧಕ್ಕೆ ಇಳಿಯಿತು. ಆರಿದಂತೆಲ್ಲ ಕಾಲು ಹೊರಗೆ ತೆಗೆಸಿ ಬಿಸಿನೀರು ಬೆರೆಸುತ್ತಾ ಒಂದು ಗಂಟೆಗಿಂತ ಜಾಸ್ತಿ ಕೂರಿಸಿದರು.

ಇದು ಬರೀ ಮನೆಮದ್ದಲ್ಲ. ಡಾಕ್ಟರುಗಳೂ ಇದನ್ನೇ ಹೇಳುತ್ತಾರೆ: 30ರಿಂದ 90 ನಿಮಿಷ ಬಿಸಿನೀರು. ತೊರಕೆಯ ವಿಷ ಪ್ರೋಟೀನಿನದ್ದು, ಬಿಸಿಗೆ ಕೆಡುತ್ತದೆ ಎಂಬುದು ವಿವರಣೆ. ಐಸ್ ಇಡುವುದು ಅಷ್ಟು ಕೆಲಸಕ್ಕೆ ಬಾರದು. ಆದರೆ ಒಂದು ಮಾತು. ಇದು ಕೈಕಾಲಿಗೆ ಆದ ಗಾಯಕ್ಕೆ ಮಾತ್ರ. ಎದೆಗೋ ಹೊಟ್ಟೆಗೋ ಕುತ್ತಿಗೆಗೋ ಚುಚ್ಚಿದರೆ ಬಕೆಟ್ ಹುಡುಕುತ್ತಾ ಕೂರಬಾರದು. ಮುಳ್ಳು ಒಳಗೇ ಇದ್ದರೆ ಕೀಳಲೂ ಬಾರದು, ಹಾಗೇ ಆಸ್ಪತ್ರೆಗೆ ಓಡಬೇಕು.

ನನ್ನ ಎರಡನೇ ತಪ್ಪು ನೋವು ಇಳಿದ ಮೇಲೆ ಆಯಿತು. ಹತ್ತಿರದ ಒಂದು ಕ್ಲಿನಿಕ್ಕಿನಲ್ಲಿ ಟಿಟಿ ಇಂಜೆಕ್ಷನ್ ಕೊಟ್ಟು ಎರಡು ಹೊಲಿಗೆ ಹಾಕಿ ಕಳಿಸಿದರು. ನಾನೂ ಸುಮ್ನೆ ಬಂದೆ. ಐದನೇ ದಿನಕ್ಕೆ ಕಾಲು ಬಾತು ಕೆಂಪಾಯಿತು. ದೊಡ್ಡ ಆಸ್ಪತ್ರೆಯಲ್ಲಿ ಎಕ್ಸ್‌ರೇ ತೆಗೆದರೆ ಏನೂ ಕಾಣಲಿಲ್ಲ. ಹೊಲಿಗೆ ಬಿಚ್ಚಿ ತೊಳೆದಾಗ ಕೊಳೆತ ಸಿಪ್ಪೆಯಂಥ ತುಣುಕು ಹೊರಬಂತು. ಮುಳ್ಳಿನ ಮೇಲೆ ತೆಳ್ಳಗಿನ ಚರ್ಮದ ಒರೆ ಇರುತ್ತದೆ. ಚುಚ್ಚಿದಾಗ ಅದು ಹರಿದು ವಿಷ ಗಾಯಕ್ಕೆ ಇಳಿಯುತ್ತದೆ, ಚೂರುಗಳು ಒಳಗೇ ಉಳಿದುಬಿಡಬಹುದು. ಮೆತ್ತಗಿನ ಚೂರು ಎಕ್ಸ್‌ರೇಗೆ ಸಿಗುವುದಿಲ್ಲ. ಜೊತೆಗೆ ಕಡಲ ನೀರಿನ ಬ್ಯಾಕ್ಟೀರಿಯಾ ಬೇರೆ. ಆಮೇಲೆ ಗಾಯವನ್ನು ಹೊಲಿಯದೆ ತೆರೆದೇ ಬಿಟ್ಟು ಆಂಟಿಬಯೋಟಿಕ್ ಕೊಟ್ಟರು. ಚಪ್ಪಲಿ ಹಾಕಲು ಒಂದೂವರೆ ತಿಂಗಳು ಬೇಕಾಯಿತು.

ಆ ಒಂದೂವರೆ ತಿಂಗಳಲ್ಲಿ ತೊರಕೆಯ ಬಗ್ಗೆ ಓದಿದೆ, ಬಂದರಿನಲ್ಲಿ ಬುಟ್ಟಿಯ ಮುಂದೆ ಕೂತು ನೋಡಿದೆ. ಬಾಯಿ ಅಡಿಯಲ್ಲಿ, ಕಣ್ಣು ಮೇಲೆ. ಮರಳು ಹೊದ್ದು ಮಲಗಿದಾಗ ಬಾಯಿಂದ ನೀರೆಳೆದರೆ ಮರಳೇ ಒಳಗೆ ಹೋಗುತ್ತದಲ್ವಾ? ಅದಕ್ಕೇ ಕಣ್ಣಿನ ಹಿಂದೆ ಉಸಿರಿಗೆಂದು ಎರಡು ತೂತು. ಮುಳ್ಳು ಇರುವುದು ಬಾಲದ ಮೇಲೆ, ಅಂಚಿಗೆ ಹಿಮ್ಮುಖವಾದ ಗರಗಸದ ಹಲ್ಲು. ಒಳಗೆ ಹೋಗುವುದಕ್ಕಿಂತ ಹೊರಗೆ ಬರುವಾಗಲೇ ಹೆಚ್ಚು ಸೀಳುತ್ತದೆ. ಬೇಟೆಗೆ ಆ ಮುಳ್ಳು ಬಳಕೆಯಾಗುವುದೇ ಇಲ್ಲ. ಏಡಿ, ಸಿಗಡಿ, ಚಿಪ್ಪುಗಳನ್ನು ಅದು ಬಾಯಲ್ಲೇ ಅಗಿದು ತಿನ್ನುತ್ತದೆ. ಮೇಲಿನಿಂದ ಒತ್ತಿ ಹಿಡಿದಾಗ ಬಾಲ ಚಿಮ್ಮಿಸುವುದು ಅದಕ್ಕಿರುವ ಕೊನೇ ದಾರಿ. ಅರವತ್ತೈದು ಕೆಜಿ ಮೇಷ್ಟ್ರು ಬೆನ್ನ ಮೇಲೆ ನಿಂತರೆ ಇನ್ನೇನು ಮಾಡೀತು?

ಈಗ ನೀರಿಗಿಳಿದರೆ ಪಾದ ನೆಲ ಬಿಡುವುದಿಲ್ಲ. ಮರಳನ್ನು ತಳ್ಳಿಕೊಂಡೇ ಹೋಗುತ್ತೇನೆ. ಆ ಅದುರು ತೊರಕೆಗೆ ದೂರದಿಂದಲೇ ತಿಳಿಯುತ್ತದೆ, ಎದ್ದು ಹೋಗುತ್ತದೆ. ಅಕಸ್ಮಾತ್ ತಾಗಿದರೂ ಪಾದ ಬದಿಗೆ ತಾಗುತ್ತದೆ, ಬೆನ್ನು ಮೆಟ್ಟುವುದಿಲ್ಲ. ಕೈಯಲ್ಲೊಂದು ಕೋಲು ಇರುತ್ತದೆ. ಮುಂದಿನ ನೆಲ ತಟ್ಟಲು, ಚುಚ್ಚಲು ಅಲ್ಲ. ರಬ್ಬರ್ ಶೂ ಹಾಕಿಯೂ ನೋಡಿದೆ. ಚಿಪ್ಪು ತಾಗಿ ಕಾಲು ಕೊಯ್ಯುವುದನ್ನು ಅದು ತಡೆಯುತ್ತದೆ, ಆದರೆ ಈ ಮುಳ್ಳು ಅದನ್ನೂ ದಾಟುತ್ತದೆ.

ಬಲೆಗೆ ತೊರಕೆ ಬಿದ್ದರೆ ನನ್ನ ಕ್ರಮ ಬೇರೆ. ದಡಕ್ಕೆ ಎಳೆಯುವುದಿಲ್ಲ. ಮೊಣಕಾಲುದ್ದ ನೀರಿನಲ್ಲೇ ಬಲೆಯ ಅಂಚನ್ನು ಕೋಲಿನಿಂದ ಅದರ ತಲೆಯ ಕಡೆಯಿಂದ ಎತ್ತುತ್ತೇನೆ, ಬಾಲದ ಕಡೆ ನಿಲ್ಲುವುದಿಲ್ಲ. ಬಲೆ ಸಿಕ್ಕಿಕೊಂಡರೆ ಕತ್ತರಿಸುವುದು ಬಲೆಯನ್ನೇ. ಅಣ್ಣಯ್ಯನಿಗೆ ಇದು ಇಷ್ಟವಿಲ್ಲ. ಅವರ ಮನೆ ನಡೆಯುವುದು ಮೀನಿನಿಂದ. ತೊರಕೆ ಸಿಕ್ಕಿದರೆ ಮೊದಲು ಬಾಲ ಕತ್ತರಿಸುತ್ತಾರೆ, ಆಮೇಲೆ ಸಾರು. ನನಗೆ ಸಂಬಳ ಬರುತ್ತದೆ, ಹಾಗಾಗಿ ಅವರಿಗೆ ಪಾಠ ಹೇಳುವ ಬಾಯಿ ನನಗಿಲ್ಲ. ಆದರೆ ತೊರಕೆ ಸಾವಿರಾರು ಮೊಟ್ಟೆ ಇಡುವ ಮೀನಲ್ಲ, ಕೆಲವೇ ಮರಿ ಹಾಕುತ್ತದೆ ಎಂದು ಹೇಳಿದ ಮೇಲೆ ಅವರೂ ಅಂಗೈಯಗಲದ ಮರಿಗಳನ್ನು ಬಿಡುತ್ತಿದ್ದಾರೆ. ನನ್ನ ಎದುರಿಗಂತೂ.

ಮುರುಡೇಶ್ವರದ ಹತ್ತಿರದ ನೇತ್ರಾಣಿ ದ್ವೀಪಕ್ಕೆ ಡೈವಿಂಗ್‌ಗೆ ಹೋದಾಗ ಒಂದು ತೊರಕೆಯನ್ನು ಹತ್ತಿರದಿಂದ ನೋಡಿದೆ. ಮರಳಿನಲ್ಲಿ ಕಣ್ಣು ಮಾತ್ರ. ಅದರ ಹಿಂದಿನ ತೂತು ತೆರೆದು ಮುಚ್ಚುತ್ತಿತ್ತು. ಜೊತೆಗಿದ್ದವರೊಬ್ಬರು ವಿಡಿಯೋಗಾಗಿ ಅದರ ನೇರ ಮೇಲೆ ತೇಲಿ ಹೋಗಲು ಹೊರಟರು. ನಾನು ಅವರ ಕಾಲಿನ ರೆಕ್ಕೆ ಹಿಡಿದು ಎಳೆದೆ. ಟಿವಿಯಲ್ಲಿ ಕಾಡುಪ್ರಾಣಿಗಳ ಕಾರ್ಯಕ್ರಮ ನಡೆಸುತ್ತಿದ್ದ ಸ್ಟೀವ್ ಇರ್ವಿನ್ ನೆನಪಾಗಿದ್ದರು. 2006ರ ಸೆಪ್ಟೆಂಬರ್ 4ರಂದು ಆಸ್ಟ್ರೇಲಿಯಾದ ಬ್ಯಾಟ್ ರೀಫ್‌ನಲ್ಲಿ ಅವರಿಗೆ ಚುಚ್ಚಿದ್ದು ಎದೆಗೆ. ಅಂಥ ಸಾವು ಬಹಳ ಅಪರೂಪ. ಆದರೆ ತೊರಕೆಯನ್ನು ಮೇಲಿನಿಂದ ಮುಚ್ಚುವ ನೆರಳು ಅದರ ಪಾಲಿಗೆ ಶಾರ್ಕ್ ಇದ್ದ ಹಾಗೆ. ಅವರು ಹೋದ ಮೇಲೆ ಅಲ್ಲಿನ ಕಡಲ ತೀರಗಳಲ್ಲಿ ಬಾಲ ಕತ್ತರಿಸಿದ ತೊರಕೆಗಳು ಸತ್ತು ಬಿದ್ದಿದ್ದವು. ಮೊಸಳೆ, ಹಾವುಗಳನ್ನೂ ಪ್ರೀತಿಸಿದವರ ಹೆಸರಿನಲ್ಲಿ ಸೇಡು! ನನ್ನ ಕಾಲು ನೋಡಿ "ಅದನ್ನು ಹಿಡಿದು ಕೊಲ್ಲಲಿಲ್ವಾ?" ಎಂದು ಕೇಳುವವರು ನಮ್ಮಲ್ಲೂ ಇದ್ದಾರೆ.

ಈಗ ಬೈಕಿನ ಬ್ಯಾಗಿನಲ್ಲಿ ಎರಡು ಫ್ಲಾಸ್ಕ್ ಇರುತ್ತವೆ. ಒಂದರಲ್ಲಿ ಚಹಾ, ಇನ್ನೊಂದರಲ್ಲಿ ಬರೀ ಬಿಸಿನೀರು, ಜೊತೆಗೊಂದು ಮಡಚುವ ಬಕೆಟ್. ಕಳೆದ ಭಾನುವಾರ ಅಣ್ಣಯ್ಯ ಬಲೆ ಒಣಗಲು ಹಾಕಿ ಬಂದು, ಕೇಳದೆಯೇ ಒಂದು ಫ್ಲಾಸ್ಕ್ ತೆರೆದು ಲೋಟಕ್ಕೆ ಬಗ್ಗಿಸಿದರು. ಒಂದು ಗುಟುಕು ಕುಡಿದು ನನ್ನ ಮುಖ ನೋಡಿದರು. "ಮಾಷ್ಟ್ರೇ, ಚಾ ಪುಡಿ ಹಾಕೂಕೆ ಮರ್ತ್ರ್ಯಾ?"